ಗೆದ್ದಿದ್ದೇ ತಪ್ಪಾಯ್ತು: ಪಾಪ್ವಾ ಎಂಬ ಕ್ಯಾಡಿಯ ಬದುಕು

ಗಾಲ್ಫ್‌ನಲ್ಲಿ ಕಷ್ಟದ ಹೊಡೆತ ಯಾವುದು ಅಂತ ಕೇಳಿದರೆ, ಬಹಳ ದೂರ ಹೊಡೆಯೋದು ಅಂತ ನಾವು ಹೇಳಿಯೇವು. ಆಟ ಬಲ್ಲವರು ಹಾಗೆ ಹೇಳೋದಿಲ್ಲ. ಕುಳಿ ಇರುವ ನುಣ್ಣನೆಯ ಹುಲ್ಲಿನ ಅಂಗಳಕ್ಕೆ ಗ್ರೀನ್ ಅಂತಾರೆ. ಅದು ಮೂವತ್ತು ನಲವತ್ತು ಗಜ ದೂರದಲ್ಲಿ, ನಿಮ್ಮ ತಲೆಗಿಂತ ಎತ್ತರದಲ್ಲಿದೆ ಅಂದುಕೊಳ್ಳಿ. ಕೆಳಗೆ ನಿಂತವರಿಗೆ ಬಾವುಟ ಕಾಣುತ್ತದೆ, ಕುಳಿ ಕಾಣೋದಿಲ್ಲ. ಚೂರು ಕಡಿಮೆಯಾದರೆ ಚೆಂಡು ಏರಿಗೆ ಬಡಿದು ಉರುಳುತ್ತಾ ಮತ್ತೆ ನಿಮ್ಮ ಕಾಲಬುಡಕ್ಕೇ ಬರುತ್ತದೆ. ಚೂರು ಹೆಚ್ಚಾದರೆ ಆಚೆ ಬದಿಯ ಇಳಿಜಾರಿಗೆ ಬೀಳುತ್ತದೆ. ನೆಲ ಎತ್ತರದಲ್ಲಿರೋದರಿಂದ ಚೆಂಡಿನ ಹಾರಾಟ ಅರ್ಧಕ್ಕೇ ಮುಗಿಯುತ್ತದೆ. ಹಾಗಾಗಿ ಕಣ್ಣಳತೆಗಿಂತ ಒಂದಿಷ್ಟು ಹೆಚ್ಚೇ ಹೊಡೆಯಬೇಕು, ಆದರೆ ಚೆಂಡು ಮೇಲೆ ಬಿದ್ದು ಅಲ್ಲೇ ನಿಲ್ಲಬೇಕು. ಇಲ್ಲಿ ತೋಳಿನ ಬಲ ನಡೆಯೋದಿಲ್ಲ, ಅಂದಾಜು ಬೇಕು.

ದಕ್ಷಿಣ ಆಫ್ರಿಕಾದ ಡರ್ಬನ್ ಕಂಟ್ರಿ ಕ್ಲಬ್ಬಿನ ಹನ್ನೆರಡನೇ ಕುಳಿ ಅಂಥದ್ದು. ದೂರ ಒಂದೂವರೆ ನೂರು ಮೀಟರಿಗಿಂತ ಕಡಿಮೆ. ಆದರೆ ಗ್ರೀನ್ ಎತ್ತರದ ದಿಬ್ಬದ ಮೇಲಿದೆ, ಎರಡೂ ಕಡೆ ಕಡಿದಾದ ಇಳಿಜಾರು. 1925ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಯುವರಾಜ ಎಡ್ವರ್ಡ್ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಚೆಂಡು ಹೊಡೆಯುತ್ತಾ, ಮೂರು ಹೊಡೆತದಲ್ಲಿ ಮುಗಿಸಬೇಕಾದ ಕುಳಿಗೆ ಹದಿನೈದಕ್ಕೂ ಹೆಚ್ಚು ಹೊಡೆತ ಖರ್ಚು ಮಾಡಿದ ಅನ್ನೋದು ಗಾಲ್ಫ್ ಲೋಕದ ಹಳೇ ಕತೆ. ಆ ಕುಳಿಗೆ ಇವತ್ತಿಗೂ ಅವನದೇ ಬಿರುದು: ಪ್ರಿನ್ಸ್ ಆಫ್ ವೇಲ್ಸ್. 1921ರಲ್ಲಿ ಭಾರತಕ್ಕೆ ಬಂದಾಗ ಕಾಂಗ್ರೆಸ್ ಬಹಿಷ್ಕರಿಸಿದ್ದು ಇದೇ ಯುವರಾಜನನ್ನು.

ಸೋತ ಯುವರಾಜನ ಬಿರುದು ಕುಳಿಗೆ ಸಿಕ್ಕಿತು. ಅದೇ ಅಂಗಳದಲ್ಲಿ ಗೆದ್ದ ಒಬ್ಬ ಕ್ಯಾಡಿಗೆ ಕ್ಲಬ್ಬಿನ ಬಾಗಿಲೊಳಗೆ ಕಾಲಿಡಲೂ ಬಿಡಲಿಲ್ಲ. ನಾನು ಹೇಳಬೇಕಿರೋದು ಆ ಕ್ಯಾಡಿಯ ಕತೆ.

ಅವನ ಹೆಸರು ಸ್ಯೂಸಂಕರ್ ಸ್ಯೂಗೋಲಂ. ಇಂಗ್ಲಿಷ್ ದಾಖಲೆಯಲ್ಲಿ ಹಾಗೆ ಮುರಿದುಹೋದ ಹೆಸರನ್ನು ನೆಟ್ಟಗೆ ಓದಿದರೆ ಅದು ಶಿವಶಂಕರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಓಣಿಗೊಬ್ಬ ಸಿಗುವ ಹೆಸರು. ಜಗತ್ತಿಗೆ ಮಾತ್ರ ಅವನು ಪಾಪ್ವಾ.

ನಮ್ಮ ಈ ಮೂರೂ ತಾಲೂಕು ಕಬ್ಬಿನ ನಾಡು. ಹಂಗಾಮು ಶುರುವಾದರೆ ಮುಂಗಡ ತಗೊಂಡ ಕಡಿಯುವ ಗ್ಯಾಂಗುಗಳು ಹೆಂಡತಿ ಮಕ್ಕಳ ಸಮೇತ ಬಂದು ಗುಡಿಸಲು ಹಾಕೋದನ್ನು ನೋಡುತ್ತಲೇ ನಾನು ಬೆಳೆದೆ. ಡರ್ಬನ್ ಇರುವ ನಟಾಲ್ ಕೂಡ ಕಬ್ಬಿನ ಸೀಮೆ. ಅಲ್ಲಿನ ಬಿಳಿಯ ಜಮೀನ್ದಾರರಿಗೆ ಆಳು ಬೇಕಾದಾಗ, 1860ರಿಂದ 1911ರ ತನಕ ಸುಮಾರು ಒಂದೂವರೆ ಲಕ್ಷ ಭಾರತೀಯರನ್ನು ಕರಾರು ಕೂಲಿಗಳಾಗಿ ಹಡಗು ಹತ್ತಿಸಲಾಯಿತು. ಡರ್ಬನ್ನಿನಲ್ಲಿ ದೊಡ್ಡ ಭಾರತೀಯ ಸಮುದಾಯ ಬೆಳೆದದ್ದು ಹೀಗೆ. ಪಾಪ್ವಾ ಹುಟ್ಟಿದ್ದು ಆ ಸಮುದಾಯದ ಬಡ ಮನೆಯೊಂದರಲ್ಲಿ, 1928ರಲ್ಲಿ.

ಶಾಲೆ ಅವನಿಗೆ ದಕ್ಕಲಿಲ್ಲ. ಹುಡುಗನಾಗಿದ್ದಾಗಲೇ ಬೀಚ್‌ವುಡ್ ಕ್ಲಬ್ಬಿನಲ್ಲಿ ಬಿಳಿಯರ ಚೀಲ ಹೊರುವ ಕ್ಯಾಡಿಯಾದ. ಆಟ ಕಲಿಸೋರು ಯಾರೂ ಇರಲಿಲ್ಲ, ನೋಡಿ ಕಲಿತ. ಬಲಗೈ ಆಟಗಾರರು ಎಡಗೈ ಮೇಲೆ, ಬಲಗೈ ಕೆಳಗೆ ಇಟ್ಟು ಕೋಲು ಹಿಡಿಯುತ್ತಾರೆ. ಪಾಪ್ವಾ ಹಿಡಿದದ್ದು ಉಲ್ಟಾ: ಬಲಗೈ ಮೇಲೆ, ಎಡಗೈ ಕೆಳಗೆ. ಕೋಚ್ ಇದ್ದಿದ್ದರೆ ಮೊದಲ ದಿನವೇ ತಿದ್ದಿಬಿಡುತ್ತಿದ್ದ. ನಾವು ಚಿಣಿಪಣಿ ಆಡುವಾಗ ಯಾರ ಕೈ ಹೇಗಿದೆ ಅಂತ ಯಾರು ನೋಡ್ತಿದ್ದರು? ಚಿಣಿ ಎದ್ದು, ಬೇಕಾದಲ್ಲಿ ಬಿದ್ದರೆ ಆಯಿತು. ಪಾಪ್ವಾನ ಲೆಕ್ಕವೂ ಅಷ್ಟೇ. ಜೊತೆಗೆ ಕ್ಯಾಡಿಯ ಕೆಲಸದಲ್ಲೇ ಒಂದು ಪಾಠವಿದೆ. ಯಾವ ಏರಿನಲ್ಲಿ ಚೆಂಡು ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಅನ್ನೋದು ಚೀಲ ಹೊತ್ತು ಸಾವಿರ ಸಲ ನಡೆದವನಿಗೆ ಗೊತ್ತಾಗುವಷ್ಟು ಯಜಮಾನನಿಗೆ ಗೊತ್ತಾಗೋದಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ, 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿ ಶುರು ಮಾಡಿದವರೇ.

ಪಾಪ್ವಾನ ಕೈಚಳಕ ಗುರುತಿಸಿದ್ದು ಗ್ರಹಾಂ ವುಲ್ಫ್ ಎಂಬ ಉದ್ಯಮಿ, ಆಯಿಲ್ ಆಫ್ ಓಲೇ ಕ್ರೀಮ್ ಕಂಡುಹಿಡಿದ ಮನುಷ್ಯ. ತವರಿನ ದೊಡ್ಡ ಟೂರ್ನಿಗಳು ಬಿಳಿಯರಿಗೆ ಮೀಸಲಾಗಿದ್ದವು. ಹಾಗಾಗಿ ವುಲ್ಫ್ ಅವನನ್ನು ಯುರೋಪಿಗೆ ಕರೆದೊಯ್ದ. 1959ರಲ್ಲಿ ಪಾಪ್ವಾ ಡಚ್ ಓಪನ್ ಗೆದ್ದ. 1960ರಲ್ಲಿ ಮತ್ತೆ ಗೆದ್ದ. 1964ರಲ್ಲಿ ಮೂರನೇ ಸಲ. ಹಾಲೆಂಡಿನಲ್ಲಿ ಚಾಂಪಿಯನ್, ಹುಟ್ಟಿದ ಊರಿನಲ್ಲಿ ಕ್ಯಾಡಿ!

ಒತ್ತಡ ಹೆಚ್ಚಾಗಿ, 1963ರಲ್ಲಿ ನಟಾಲ್ ಓಪನ್ ಆಡಲು ಅವನಿಗೆ ಅವಕಾಶ ಸಿಕ್ಕಿತು. ಜಾಗ ಅದೇ ಡರ್ಬನ್ ಕಂಟ್ರಿ ಕ್ಲಬ್. ನಾಲ್ಕು ಸುತ್ತು, ಅಂದರೆ ಯುವರಾಜನನ್ನು ಸುಸ್ತು ಮಾಡಿದ ಆ ದಿಬ್ಬದ ಗ್ರೀನ್ ನಾಲ್ಕು ಸಲ. ಕೊನೆಗೆ ಪಾಪ್ವಾ ಗೆದ್ದ. ಬಹುಮಾನ ಕೊಡುವ ಹೊತ್ತಿಗೆ ಮಳೆ. ಬಿಳಿಯ ಆಟಗಾರರು ಕ್ಲಬ್‌ಹೌಸಿನೊಳಗೆ, ಗೆದ್ದವನು ಹೊರಗೆ. ಯಾಕಂದರೆ ವರ್ಣಭೇದದ ಕಾನೂನಿನ ಪ್ರಕಾರ ಭಾರತೀಯನೊಬ್ಬ ಅತಿಥಿಯಾಗಿ ಆ ಬಾಗಿಲು ದಾಟುವಂತಿರಲಿಲ್ಲ. ಒಳಗೆ ತಟ್ಟೆ ಲೋಟ ಹಿಡಿದು ಓಡಾಡುವ ಭಾರತೀಯ ವೇಟರ್‌ಗಳಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಮಳೆಯಲ್ಲಿ ನಿಂತು ಟ್ರೋಫಿ ತಗೊಂಡ ಪಾಪ್ವಾನ ಫೋಟೊ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ದಕ್ಷಿಣ ಆಫ್ರಿಕಾದ ಕ್ರೀಡಾ ಬಹಿಷ್ಕಾರಕ್ಕೆ ಬಲ ತುಂಬಿದ ಚಿತ್ರಗಳಲ್ಲಿ ಅದೂ ಒಂದು.

ಪಾಪ್ವಾನ ಕತೆ ಹೇಳುವವರು ಸಾಮಾನ್ಯವಾಗಿ ಈ ಫೋಟೊ ಹತ್ತಿರ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಎರಡು ವರ್ಷದ ನಂತರ ನಡೆದದ್ದು. 1965ರ ನಟಾಲ್ ಓಪನ್‌ನಲ್ಲಿ ಪಾಪ್ವಾ ಗ್ಯಾರಿ ಪ್ಲೇಯರ್‌ನನ್ನು ಹಿಂದಿಕ್ಕಿ ಗೆದ್ದ. ಆ ಹೊತ್ತಿಗೆ ಪ್ಲೇಯರ್ ಮೂರು ಮೇಜರ್ ಗೆದ್ದವನು, ಬಿಳಿಯ ದಕ್ಷಿಣ ಆಫ್ರಿಕಾದ ಹೆಮ್ಮೆ. ಓದು ಬರಹ ಬಾರದ ಕ್ಯಾಡಿ, ಉಲ್ಟಾ ಕೈಯಲ್ಲಿ, ಅವನನ್ನು ಸೋಲಿಸಿಬಿಟ್ಟ. ಇದನ್ನು ಸರ್ಕಾರ ಸಹಿಸಲಿಲ್ಲ. ದೇಶದ ಟೂರ್ನಿಗಳಿಂದ ಪಾಪ್ವಾನನ್ನು ಹೊರಗಿಟ್ಟಿತು. ಬಿಳಿಯರ ಕೋರ್ಸಿಗೆ ಪ್ರೇಕ್ಷಕನಾಗಿಯೂ ಬರದಂತೆ ತಡೆಯಿತು. ಪಾಸ್‌ಪೋರ್ಟ್ ಕಿತ್ತುಕೊಂಡು ಪರದೇಶದ ದಾರಿಯನ್ನೂ ಮುಚ್ಚಿತು. ಆಗ ಅವನಿಗೆ ಮೂವತ್ತೇಳರ ಆಸುಪಾಸು, ಗಾಲ್ಫ್ ಆಟಗಾರನೊಬ್ಬನಿಗೆ ಇನ್ನೂ ಒಳ್ಳೆಯ ವಯಸ್ಸು. 1978ರಲ್ಲಿ ಬಡವನಾಗಿಯೇ ತೀರಿಕೊಂಡ.

ಕ್ರಮ ನೋಡಿ. ಚೀಲ ಹೊರುವ ತನಕ ಯಾರಿಗೂ ತಕರಾರಿಲ್ಲ. ಪರದೇಶದಲ್ಲಿ ಗೆದ್ದರೆ ವಿಚಿತ್ರ ಸುದ್ದಿ. ತವರಲ್ಲಿ ಒಮ್ಮೆ ಗೆದ್ದರೆ ಮಳೆಯಲ್ಲಿ ನಿಲ್ಲಿಸಿ ಟ್ರೋಫಿ. ಅವರ ದೊಡ್ಡ ಆಟಗಾರನನ್ನೇ ಸೋಲಿಸಿದರೆ ಬಾಗಿಲು ಪೂರ್ತಿ ಬಂದ್. ಕೆಳಗಿನವನಿಗೆ ಯೋಗ್ಯತೆ ಇಲ್ಲ ಅಂತ ಹೇಳುವ ವ್ಯವಸ್ಥೆ ನಿಜಕ್ಕೂ ಹೆದರೋದು ಅವನ ಯೋಗ್ಯತೆಗೆ. ಯೋಗ್ಯತೆಯೇ ಇಲ್ಲದವನನ್ನು ತಡೆಯೋಕೆ ಕಾನೂನು ಯಾಕೆ ಬೇಕು?

ಭಾರತ ಆ ದೇಶದ ವಿಷಯದಲ್ಲಿ ಗಟ್ಟಿಯಾಗಿ ನಿಂತಿತ್ತು. 1946ರಲ್ಲೇ ವ್ಯಾಪಾರ ಸಂಬಂಧ ಕಡಿದುಕೊಂಡಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿಯೂ, ಎದುರಾಳಿ ದಕ್ಷಿಣ ಆಫ್ರಿಕಾ ಅಂತ ಆಡದೇ ಕಪ್ ಬಿಟ್ಟುಕೊಟ್ಟಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ಸಮುದ್ರದಾಚೆಯ ಬಾಗಿಲು ಕಂಡಷ್ಟು ಸಲೀಸಾಗಿ ನಮ್ಮೂರಿನ ಬಾಗಿಲು ನಮಗೆ ಕಾಣೋದಿಲ್ಲ. ಕಬ್ಬು ಕಡಿಯುವವರ ಮಗ ಕಡಿಯುವ ತನಕ ಒಳ್ಳೆಯ ಹುಡುಗ. ಅವನು ಗ್ರಾಮ ಪಂಚಾಯಿತಿ ಕುರ್ಚಿಗೆ ನಿಂತಾಗ, ಮೆರಿಟ್ ಪಟ್ಟಿಯಲ್ಲಿ ಗೌಡರ ಮಗನಿಗಿಂತ ಮೇಲೆ ಬಂದಾಗ, ನಮ್ಮ ಮುಖ ಹೇಗಾಗುತ್ತದೆ?

ವರ್ಣಭೇದ ಹೋದ ಮೇಲೆ ದಕ್ಷಿಣ ಆಫ್ರಿಕಾ ಪಾಪ್ವಾಗೆ ಮರಣೋತ್ತರ ಗೌರವ ಕೊಟ್ಟಿತು. ಡರ್ಬನ್ನಿನ ಒಂದು ಸಾರ್ವಜನಿಕ ಗಾಲ್ಫ್ ಕೋರ್ಸಿಗೆ ಅವನ ಹೆಸರಿದೆ. ಸತ್ತವರಿಗೆ ಹೆಸರಿಡೋದು ಸುಲಭ, ಅವರು ಮತ್ತೆ ಯಾರನ್ನೂ ಸೋಲಿಸೋದಿಲ್ಲ. ಒಂದು ಸಮಾಜ ಎಷ್ಟು ನ್ಯಾಯವಂತ ಅಂತ ತಿಳಿಯಬೇಕಾದರೆ, ಅದು ಯಾರನ್ನು ಆಡಲು ಬಿಟ್ಟಿತು ಅಂತ ಕೇಳಿದರೆ ಸಾಲದು. ಅವರು ಗೆದ್ದ ಮರುದಿನ ಏನು ಮಾಡಿತು ಅಂತಲೂ ಕೇಳಬೇಕು.