ಎರಡು ಸಲ ರಾಜೀನಾಮೆ ಕೊಟ್ಟ ದಿವಾನರು

ಕಲಾದಗಿ, ಬಾಗಲಕೋಟೆ ಕಡೆಯೆಲ್ಲ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ. ಸೀರೆಗೆ ಹೆಸರಾದ ಇಳಕಲ್ ದಾಟಿ ಕುಷ್ಟಗಿ ಕಡೆಗೆ ಹೋದರೆ ಆಗ ನಿಜಾಮರ ಸೀಮೆ. ಆ ಸೀಮೆಯ ಅತಿ ದೊಡ್ಡ ಹುದ್ದೆಗೆ 1946ರ ಆಗಸ್ಟಿನಲ್ಲಿ ಬಂದು ಕೂತವರು ನಮ್ಮ ಬೆಂಗಳೂರಿನ ಸರ್ ಮಿರ್ಜಾ ಇಸ್ಮಾಯಿಲ್. ಹತ್ತು ತಿಂಗಳು ತುಂಬುವ ಮೊದಲೇ ಎದ್ದು ಹೊರಟರು.

ಹುಟ್ಟಿದ್ದು 1883ರಲ್ಲಿ. ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಝ್‌ನಿಂದ ಬಂದ ಕುದುರೆ ವ್ಯಾಪಾರಿ. ಬೆಂಗಳೂರಿನಲ್ಲಿ ಈಗಲೂ ಅವರ ಹೆಸರಿನ ರಸ್ತೆ ಇದೆ. ಮಿರ್ಜಾ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ್ ಒಟ್ಟಿಗೇ ಓದಿದವರು. 1926ರಲ್ಲಿ ಅದೇ ಗೆಳೆಯ ಮಹಾರಾಜರು ಅವರನ್ನು ಮೈಸೂರಿನ ದಿವಾನರನ್ನಾಗಿ ಮಾಡಿದರು. ಬೃಂದಾವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ ಎಲ್ಲ ಅವರ ಕಾಲದ್ದೇ. ಹದಿನೈದು ವರ್ಷ ಹಾಗೇ ನಡೆಯಿತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಹೊಸ ಮಹಾರಾಜರ ಜೊತೆ ಅಭಿಪ್ರಾಯ ಕೂಡಿಬರಲಿಲ್ಲ; 1941ರಲ್ಲಿ ದಿವಾನಗಿರಿ ಬಿಟ್ಟರು. ಮರುವರ್ಷ ಜೈಪುರ ಕರೆಯಿತು. ಅಲ್ಲಿನ ದೊಡ್ಡ ಪೇಟೆ ಬೀದಿ ಇವತ್ತಿಗೂ ಎಂ.ಐ. ರೋಡ್, ಆ ಎರಡು ಅಕ್ಷರ ಅವರದೇ.

ಹೈದರಾಬಾದಿನ ಕಥೆ ಬೇರೆ. ಬಂದ ದಿನದಿಂದಲೇ ಇತ್ತೆಹಾದುಲ್ ಮುಸ್ಲಿಮೀನ್‌ನವರು ಅವರ ಮೇಲೆ ಬಿದ್ದರು. ಸುತ್ತಲೂ ಭಾರತದ ನೆಲವೇ ಇರುವಾಗ ಹೈದರಾಬಾದ್ ಒಂದೇ ಬೇರೆ ದೇಶವಾಗಿ ಬಾಳಲಾರದು, ಮಾತಾಡಿ ಒಪ್ಪಂದಕ್ಕೆ ಬರುವುದೇ ಲೇಸು ಅಂತ ಇವರ ಅಭಿಪ್ರಾಯ. ಅದಕ್ಕೇ ಕೌಮಿಗೆ ದ್ರೋಹಿ ಅನ್ನಿಸಿಕೊಂಡರು. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತೋ ಏನೋ. ಆದರೆ ಕೆಲಸಕ್ಕೆ ಕರೆದ ನಿಜಾಮರೇ ಆ ಗುಂಪಿನ ಕಡೆಗೆ ವಾಲಿದರು. ಗಲ್ಫ್‌ನಲ್ಲಿ ಕಫೀಲರ ಕೈಕೆಳಗೆ ದುಡಿದು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಜವಾಬ್ದಾರಿ ನಮ್ಮ ಹೆಗಲಿಗೆ, ಯಜಮಾನನ ಕಿವಿ ಇನ್ನೊಬ್ಬನಿಗೆ.

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಂಬಳಕ್ಕೂ ದರ್ಜೆಗೂ ಏನೂ ಕೊರತೆ ಆಗುತ್ತಿರಲಿಲ್ಲ. 1947ರ ಮೇಯಲ್ಲಿ ರಾಜೀನಾಮೆ ಬರೆದರು. ಅದರಲ್ಲಿ ಕಾರಣವನ್ನೂ ಮರೆಮಾಚಲಿಲ್ಲ. ತನ್ನನ್ನು ವಿರೋಧಿಸುವ ಸ್ಥಳೀಯ ಮುಸ್ಲಿಮರ ಒಂದು ಪಂಗಡ ದಾರಿ ತಪ್ಪಿದೆ, ಅವರು ಹಿಡಿದ ಹಾದಿ ಸಂಸ್ಥಾನಕ್ಕೇ ಆತ್ಮಘಾತ ಅಂತ ನೇರವಾಗಿ ತಿಳಿಸಿದರು. ತನ್ನವರ ಬಗ್ಗೆ ಹೀಗೆ ಬರೆಯುವುದು ರಾಜೀನಾಮೆ ಕೊಡುವುದಕ್ಕಿಂತ ಕಷ್ಟ ಅಂತ ನನಗೆ ಅನ್ನಿಸುತ್ತದೆ.

ಮುಂದಿನ ತಿಂಗಳೇ ನಿಜಾಮರು ಸ್ವತಂತ್ರವಾಗಿರುವುದಾಗಿ ಸಾರಿದರು. ರಝಾಕಾರರ ಹಾವಳಿಗೆ ಹೆದರಿ ಎಷ್ಟೋ ಕನ್ನಡ ಕುಟುಂಬಗಳು ಗಡಿ ದಾಟಿ ಈಚೆಗೆ ಬಂದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಒಳಗೆ ಹೋಯಿತು. ಕಾರ್ಯಾಚರಣೆ ಐದೇ ದಿನದಲ್ಲಿ ಮುಗಿಯಿತು. ಅದರ ಹಿಂದೆಮುಂದೆ ಸತ್ತವರಲ್ಲಿ ಏನೂ ಅರಿಯದ ಬಡ ಮುಸ್ಲಿಮರೂ ಬಹಳ.

ಮಿರ್ಜಾ ಸಾಹೇಬರು 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಇಳಕಲ್ಲೂ ಕುಷ್ಟಗಿಯೂ ಒಂದೇ ರಾಜ್ಯಕ್ಕೆ ಸೇರಿ ಆಗ ಎರಡು ವರ್ಷ ದಾಟಿತ್ತು.