ಕಾಣದ ಕಣಗಳನ್ನು ಸೋಸಿದ ಥಾಮಸ್ ಗ್ರಹಾಂ

ಮಕ್ಕಳೇ, ಮನೆಯಲ್ಲಿ ಸಾಣಿಗೆ ಹಿಡಿದು ಜೋಳದ ಹಿಟ್ಟು ಸಾಣಿಸುವುದನ್ನು ನೀವು ನೋಡಿದ್ದೀರಲ್ಲವೇ? ಸಣ್ಣ ಹಿಟ್ಟು ಕೆಳಗೆ ಬೀಳುತ್ತದೆ, ತೌಡು ಮೇಲೆ ಉಳಿಯುತ್ತದೆ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುವ ಕಣಗಳನ್ನೂ ಹೀಗೆ ಬೇರ್ಪಡಿಸಬಹುದೇ? ಬಹುದು ಎಂದು ತೋರಿಸಿದವರು ಥಾಮಸ್ ಗ್ರಹಾಂ.

ಗ್ರಹಾಂ 1805ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಮಗ ಪಾದ್ರಿಯಾಗಬೇಕೆಂಬುದು ತಂದೆಯ ಆಸೆ. ಮಗನಿಗೋ ರಸಾಯನ ವಿಜ್ಞಾನದ ಹುಚ್ಚು. ತಂದೆಗೆ ಸಿಟ್ಟು ಬಂದರೂ ಅವರು ಹಿಂಜರಿಯಲಿಲ್ಲ. ಪಾಠ ಹೇಳಿ ತಮ್ಮ ಖರ್ಚು ತಾವೇ ನೋಡಿಕೊಂಡರು. 1837ರಲ್ಲಿ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. ಅನಿಲಗಳು ಹರಡುವ ವೇಗವನ್ನು ತಿಳಿಸುವ ನಿಯಮಕ್ಕೆ ಇಂದಿಗೂ ಅವರದೇ ಹೆಸರಿದೆ.

1861ರಲ್ಲಿ ಅವರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಬಳೆಯಂತಹ ಚೌಕಟ್ಟಿನ ತಳಕ್ಕೆ ಪಾರ್ಚ್‌ಮೆಂಟ್ ಕಾಗದ ಬಿಗಿದು, ಅದನ್ನು ನೀರಿನ ಮೇಲೆ ತೇಲಿಬಿಟ್ಟರು. ಅದರೊಳಗೆ ದ್ರಾವಣ ಸುರಿದರು. ಸಕ್ಕರೆ, ಉಪ್ಪಿನಂತಹ ಚಿಕ್ಕ ಕಣಗಳು ಕಾಗದ ದಾಟಿ ನೀರಿಗೆ ಇಳಿದವು. ಗೋಂದಿನಂತಹ ದೊಡ್ಡ ಕಣಗಳು ಒಳಗೇ ಉಳಿದವು. ಮೂತ್ರವನ್ನು ಹಾಕಿದಾಗ ಯೂರಿಯಾ ಹೊರಬಂದಿತು! ಈ ವಿಧಾನಕ್ಕೆ ಅವರು ಡಯಾಲಿಸಿಸ್ ಎಂದು ಹೆಸರಿಟ್ಟರು.

1869ರ ಸೆಪ್ಟೆಂಬರ್ 16ರಂದು ಗ್ರಹಾಂ ತೀರಿಕೊಂಡರು. ತಮ್ಮ ಪ್ರಯೋಗ ಮುಂದೆ ಜೀವ ಉಳಿಸುವುದನ್ನು ಅವರು ನೋಡಲಿಲ್ಲ. 1943ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಇದೇ ತತ್ವದಿಂದ ರಕ್ತ ಶುದ್ಧ ಮಾಡುವ ಯಂತ್ರ ಕಟ್ಟಿದರು. ಮೊದಮೊದಲು ಹಲವು ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಚೇತರಿಸಿಕೊಂಡರು.

ಮೂತ್ರಪಿಂಡಗಳು ಕೆಟ್ಟಾಗ ಯೂರಿಯಾ, ಯೂರಿಕ್ ಆಮ್ಲದಂತಹ ಕಶ್ಮಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಯಂತ್ರದ ತೆಳು ಪೊರೆ ಅವನ್ನು ಸೋಸುತ್ತದೆ. ಆದರೆ ಒಂದು ಮಾತು ನೆನಪಿಡಿ. ಪೊರೆಗೆ ಕಣದ ಗಾತ್ರ ಮಾತ್ರ ಗೊತ್ತು. ಒಳ್ಳೆಯದು, ಕೆಟ್ಟದ್ದು ಗೊತ್ತಿಲ್ಲ. ಹೀಗಾಗಿ ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳೂ ಕೆಲವು ವಿಟಮಿನ್‌ಗಳೂ ಕಶ್ಮಲದ ಜೊತೆ ಸೋರಿಹೋಗುತ್ತವೆ. ಆ ನಷ್ಟವನ್ನು ಊಟವೇ ತುಂಬಬೇಕು.

ಯೂರಿಕ್ ಆಮ್ಲ ಹೆಚ್ಚಾದರೆ ಕೀಲುಗಳಲ್ಲಿ ಹರಳುಗಟ್ಟಿ ನೋವು ಕೊಡುತ್ತದೆ. ಆದರೂ ಡಯಾಲಿಸಿಸ್ ರೋಗಿಗಳ ಹಲವು ಅಧ್ಯಯನಗಳಲ್ಲಿ, ಅದು ತೀರ ಕಡಿಮೆ ಇದ್ದವರಲ್ಲೇ ಸಾವು ಹೆಚ್ಚು ಕಂಡುಬಂದಿದೆ. ಯೂರಿಕ್ ಆಮ್ಲ ಔಷಧವೆಂದು ಇದರ ಅರ್ಥವಲ್ಲ. ಸರಿಯಾಗಿ ಉಣ್ಣದೆ ಸೊರಗಿದವರಲ್ಲಿ ಅದು ಕಡಿಮೆಯಾಗಿರಬಹುದು.

ನಿಮ್ಮ ಓಣಿಯಲ್ಲಿ ಯಾರಾದರೂ ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆಯೇ? ಕಾಯಿಲೆಯ ಹೆದರಿಕೆಯಿಂದ ಅವರು ಊಟ ಬಿಡಬಾರದು. ಬೇಳೆ, ಮೊಟ್ಟೆ ಎಷ್ಟು ತಿನ್ನಬೇಕು, ನೀರು, ಉಪ್ಪು ಎಷ್ಟಿರಬೇಕು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಇದನ್ನು ಅವರಿಗೆ ಹೇಳುವಿರಾ? ಗ್ರಹಾಂ ಅವರ ಕಾಗದದ ಕಥೆಯನ್ನೂ ಜೊತೆಗೆ ಹೇಳಿ.