ಮೇಘಮಂಡಲದಾಚೆಯ ಬಿಡಾರ: ಮಹಾರಾಣಿ ಮಾರ್ಗರೀಟಾಳ ಜೀವನ ಕಥೆ

ಮುಂಬಯಿ, ಪುಣೆ, ದಿಲ್ಲಿಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಮಾರ್ಗರೀಟಾ ಎಂಬ ಹೆಸರು ಅಪರಿಚಿತವೇನಲ್ಲ. ಆ ಹೆಸರಿನ ಪಿಜ್ಜಾವನ್ನು ದಿನಕ್ಕೆ ಹತ್ತಾರು ಸಲ ಗಿರಾಕಿಗಳ ಮೇಜಿಗೆ ಒಯ್ದಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಹೆಸರಿನ ಮಹಾರಾಣಿಯೊಬ್ಬಳು ಇದ್ದಳೆಂಬುದೂ, ಆಲ್ಪ್ಸ್ ಪರ್ವತಗಳ ಅತ್ಯಂತ ಎತ್ತರದ ಬಿಡಾರಕ್ಕೆ ಇಂದಿಗೂ ಆಕೆಯ ಹೆಸರೇ ಇರುವುದೆಂಬುದೂ, ಆಕೆ ಸ್ವತಃ ಹಿಮದ ಮೇಲೆ ನಡೆದುಹೋಗಿ ಆ ಬಿಡಾರದಲ್ಲಿ ಒಂದು ರಾತ್ರಿಯನ್ನು ಕಳೆದಳೆಂಬುದೂ ಎಲ್ಲರಿಗೂ ತಿಳಿದ ಸಂಗತಿಯಲ್ಲ.

ಮಾರ್ಗರೀಟಾ ಜನಿಸಿದುದು 1851ನೆಯ ನವೆಂಬರ್ 20ರಂದು, ಇಟಲಿಯ ತೂರಿನ್ ನಗರದಲ್ಲಿ. ತಂದೆ ಸವಾಯ್ ರಾಜವಂಶದ ಫರ್ಡಿನಾಂಡ್, ಜಿನೋವಾದ ಡ್ಯೂಕ್. ತಾಯಿ ಸ್ಯಾಕ್ಸನಿಯ ರಾಜಪುತ್ರಿ. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. 1868ರಲ್ಲಿ, ಹದಿನಾರರ ಪ್ರಾಯದಲ್ಲಿ, ದೊಡ್ಡಪ್ಪನ ಮಗನೇ ಆದ ಯುವರಾಜ ಉಂಬೆರ್ತೋವಿನೊಡನೆ ಆಕೆಯ ವಿವಾಹವಾಯಿತು. ಆಗಿನ್ನೂ ಇಟಲಿ ಒಂದು ರಾಷ್ಟ್ರವೆಂದು ಕೂಡಿಕೊಂಡು ಹತ್ತು ವರ್ಷಗಳೂ ಆಗಿರಲಿಲ್ಲ. ಮರುವರ್ಷ ನೇಪಲ್ಸ್‌ನಲ್ಲಿ ಮಗ ಹುಟ್ಟಿದನು, ಬೇರೆ ಮಕ್ಕಳಾಗಲಿಲ್ಲ. ಪತಿಯ ಮನಸ್ಸು ಬೇರೆ ಸ್ತ್ರೀಯ ಕಡೆಗಿದ್ದುದು ಅರಮನೆಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ರಾಣಿಯಾದವಳು ಅದನ್ನು ನುಂಗಿಕೊಂಡು, ಮುತ್ತಿನ ಸರಗಳನ್ನು ಧರಿಸಿ, ಜನರ ಮುಂದೆ ನಗುಮುಖದಿಂದ ನಿಲ್ಲುವುದನ್ನು ಕಲಿತಳು.

1878ರ ಜನವರಿಯಲ್ಲಿ ಉಂಬೆರ್ತೋ ಸಿಂಹಾಸನವನ್ನೇರಿದನು. ಮಾರ್ಗರೀಟಾ ಇಟಲಿಯ ಪಟ್ಟದ ರಾಣಿಯಾದಳು. ರಾಜದಂಪತಿಗಳು ಊರೂರು ಸುತ್ತಿದರು. ಪ್ರಜಾಪ್ರಭುತ್ವವಾದಿಯಾಗಿದ್ದ ಕವಿ ಕಾರ್ದುಚ್ಚಿಯೂ ಆಕೆಯನ್ನು ಕಂಡು ಸ್ತುತಿಗೀತೆ ಬರೆದನೆಂದರೆ ಆಕೆಯ ವರ್ಚಸ್ಸು ಎಷ್ಟಿತ್ತೆಂಬುದನ್ನು ಊಹಿಸಬಹುದು. ಆದರೆ ಅದೇ ಪ್ರವಾಸದಲ್ಲಿ, ನವೆಂಬರ್ 17ರಂದು, ನೇಪಲ್ಸ್ ನಗರದ ಮೆರವಣಿಗೆಯಲ್ಲಿ, ಒಬ್ಬ ಯುವಕ ಸಾರೋಟಿನ ಮೇಲೆ ಹಾರಿ ಚಾಕುವಿನಿಂದ ರಾಜನನ್ನು ಇರಿಯಲು ಬಂದನು. ರಾಣಿ ಕೈಯಲ್ಲಿದ್ದ ಹೂಗೊಂಚಲನ್ನೇ ಅವನ ಮುಖಕ್ಕೆ ಎಸೆದಳೆಂದು ಹೇಳುತ್ತಾರೆ. ರಾಜನಿಗೆ ತರಚುಗಾಯವಾಯಿತು, ಅಡ್ಡಬಂದ ಪ್ರಧಾನಮಂತ್ರಿ ಕೈರೋಲಿಯ ತೊಡೆಗೆ ಪೆಟ್ಟು ಬಿದ್ದಿತು.

ಆ ಯುವಕ ಯಾರು? ಜೊವಾನ್ನಿ ಪಾಸನ್ನಾಂತೆ ಎಂಬ ಅಡಿಗೆಯವನು! ದಕ್ಷಿಣದ ಬಡ ಹಳ್ಳಿಯೊಂದರಿಂದ ಹೊಟ್ಟೆಪಾಡಿಗೆ ಊರು ಬಿಟ್ಟವನು. ಪಾತ್ರೆ ತೊಳೆದು, ಒಲೆಯ ಮುಂದೆ ಬೆಂದು, ಕಡೆಗೆ ಮೈಮೇಲಿನ ಕೋಟನ್ನು ಮಾರಿ ಆ ಚಾಕುವನ್ನು ಕೊಂಡಿದ್ದನು. ಕೊಲೆಗೆ ಕೈಹಾಕಿದವನನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅವನಿಗೆ ಸಿಕ್ಕ ಶಿಕ್ಷೆಯನ್ನು ಹೇಳದೆ ಬಿಡುವುದೂ ನ್ಯಾಯವಲ್ಲ. ಮರಣದಂಡನೆಯನ್ನು ರಾಜನು ಜೀವಾವಧಿಗೆ ಇಳಿಸಿದನು. ಎಲ್ಬಾ ದ್ವೀಪದ ಕತ್ತಲೆಯ ಕೋಣೆಯಲ್ಲಿ ಸಂಕೋಲೆ ಹಾಕಿ ವರ್ಷಗಟ್ಟಲೆ ಇಟ್ಟರು. ಅವನಿಗೆ ಹುಚ್ಚು ಹಿಡಿಯಿತು. 1910ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತನು. ಅವನ ಹುಟ್ಟೂರು ಸಾಲ್ವಿಯಾಕ್ಕೆ ಹೆಸರನ್ನೇ ಬದಲಿಸಿ ರಾಜವಂಶದ ಹೆಸರಿಟ್ಟರು. ಅವನ ತಲೆಬುರುಡೆಯನ್ನು ಪ್ರದರ್ಶನಾಲಯದಲ್ಲಿ ಇಟ್ಟಿದ್ದರು. ಅದಕ್ಕೆ ಮಣ್ಣು ದೊರೆತುದು 2007ರಲ್ಲಿ.

ಇನ್ನು ಪಿಜ್ಜಾದ ಕಥೆ. 1889ರಲ್ಲಿ ರಾಣಿ ನೇಪಲ್ಸ್‌ಗೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬ ಪಿಜ್ಜಾದವನು ಟೊಮೇಟೊ, ಬಿಳಿ ಗಿಣ್ಣು, ತುಳಸಿಯ ಜಾತಿಯ ಹಸಿರೆಲೆ ಇವನ್ನು ಹಾಕಿ, ಇಟಲಿಯ ಧ್ವಜದ ಮೂರು ಬಣ್ಣ ಬರುವಂತೆ ಮಾಡಿ ಅರ್ಪಿಸಿದನೆಂದೂ, ಆಕೆ ಮೆಚ್ಚಿದ್ದರಿಂದ ಆಕೆಯ ಹೆಸರಿಟ್ಟನೆಂದೂ ಪ್ರತೀತಿ. ಇತಿಹಾಸಕಾರರು ಇದನ್ನು ಸಂಶಯದಿಂದಲೇ ನೋಡುತ್ತಾರೆ. ಅಂಥ ಪಿಜ್ಜಾ ಅದಕ್ಕೂ ಮುಂಚೆಯೇ ನೇಪಲ್ಸ್‌ನ ಬಡವರ ಆಹಾರವಾಗಿತ್ತಂತೆ. ಬಡವರ ತಿಂಡಿಗೆ ದೊಡ್ಡವರ ಹೆಸರು ಅಂಟಿಕೊಂಡ ಮೇಲೆ ಅದರ ದರ ಏರುವುದು ನಮ್ಮ ಕಸುಬಿನವರಿಗೆ ಗೊತ್ತಿದ್ದುದೇ.

ಅದೇ 1889ರಲ್ಲಿ ರಾಣಿಯ ಬಾಳಿನಲ್ಲಿ ಹೆಚ್ಚು ನಿಜವಾದ ಸಂಗತಿಯೊಂದು ನಡೆಯಿತು. ಮಾಂಟೆ ರೋಜಾ ಪರ್ವತದ ಅಡಿಯಲ್ಲಿರುವ ಗ್ರೆಸ್ಸೊನೆ ಎಂಬ ಕಣಿವೆಗೆ ಆಕೆ ಬಂದಳು. ಅಲ್ಲಿನವರು ವಾಲ್ಸರ್ ಜನ. ಇಟಲಿಯಲ್ಲಿದ್ದರೂ ಮನೆಮಾತು ಜರ್ಮನ್ ಬಗೆಯದು. ಊರು ಬಿಟ್ಟರೂ ಮಾತು ಬಿಡದ ನಮ್ಮಂಥವರಿಗೆ ಇದು ವಿಶೇಷವೆನಿಸದು. ಬೆಕ್-ಪೆಕೊಝ್ ಎಂಬ ಸ್ಥಳೀಯ ಬ್ಯಾರನ್‌ನ ಮನೆಯಲ್ಲಿ ಆಕೆ ಬೇಸಿಗೆಯನ್ನು ಕಳೆಯತೊಡಗಿದಳು. ಆ ಊರ ಹೆಂಗಸರ ಉಡುಗೆಯನ್ನೇ ತೊಟ್ಟು ತಿರುಗಾಡುವಳು, ಬೆಟ್ಟ ಹತ್ತುವಳು. ಅರಮನೆಯ ಬಿಗುವಿನಿಂದ ಬಿಡುಗಡೆ ದೊರೆತುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಅದೇ ವರ್ಷ ಇಟಲಿಯ ಆಲ್ಪೈನ್ ಕ್ಲಬ್ಬಿನವರು ಮಾಂಟೆ ರೋಜಾದ ನೆತ್ತಿಗಳಲ್ಲೊಂದಾದ ನಿಫೆಟ್ಟಿ ಶಿಖರದ ತುದಿಯಲ್ಲೇ ಒಂದು ಬಿಡಾರ ಕಟ್ಟಲು ನಿರ್ಧರಿಸಿದರು. ಎತ್ತರ 4,554 ಮೀಟರು, ಎಂದರೆ 14,900 ಅಡಿಗಳಿಗೂ ಮೇಲೆ. ಅಲಾಞ್ಞಾ ಊರಿನ ಪಾದ್ರಿ ನಿಫೆಟ್ಟಿ ಎಂಬವನು 1842ರಲ್ಲಿ ಸಂಗಡಿಗರೊಡನೆ ಮೊದಲು ಏರಿದ್ದರಿಂದ ಶಿಖರಕ್ಕೆ ಆ ಹೆಸರು. ಕಣಿವೆಯಲ್ಲಿ ಮರ ಕೊಯ್ದು, ಹಲಗೆಗಳನ್ನು ಒಂದಕ್ಕೊಂದು ಕೂಡಿಸಿ ನೋಡಿ, ಮತ್ತೆ ಬಿಚ್ಚಿ, ಹೇಸರಗತ್ತೆಗಳು ಹೋಗುವಷ್ಟು ದೂರ ಅವುಗಳ ಬೆನ್ನಮೇಲೆ, ಹಿಮನದಿಯಿಂದಾಚೆಗೆ ಕೂಲಿಗಳ ಹೆಗಲ ಮೇಲೆ ಸಾಗಿಸಿದರು. ಹಿಮದಡಿಯ ಬಿರುಕಿನಲ್ಲಿ ಕಾಲು ಜಾರಿದರೆ ಮನುಷ್ಯನೂ ಇಲ್ಲ, ಹೊರೆಯೂ ಇಲ್ಲ. ಆ ಕೂಲಿಗಳಲ್ಲಿ ಯಾರ ಹೆಸರೂ ರಾಣಿಯ ಹೆಸರಿನಂತೆ ಲೋಕಕ್ಕೆ ತಿಳಿಯಲಿಲ್ಲ.

1893ರ ಆಗಸ್ಟ್ ತಿಂಗಳಲ್ಲಿ, ನಾಲ್ವತ್ತೊಂದರ ಪ್ರಾಯದ ರಾಣಿ ಮಾರ್ಗದರ್ಶಿಗಳೊಡನೆ ಹೊರಟಳು. ದಾರಿಯಲ್ಲಿ 3,647 ಮೀಟರ್ ಎತ್ತರದ ನಿಫೆಟ್ಟಿ ಬಿಡಾರದಲ್ಲಿ ತಂಗಿ, 18ರಂದು ತುದಿಯನ್ನು ಮುಟ್ಟಿ, ತನ್ನ ಹೆಸರಿನ ಹೊಸ ಬಿಡಾರದಲ್ಲಿ ರಾತ್ರಿ ಉಳಿದಳು. ಅಂಥ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ತಲೆ ಸಿಡಿಯುತ್ತದೆ, ಊಟ ಸೇರದು, ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಕೇದಾರಕ್ಕೆ ಹೋಗಿಬಂದ ವಾಚಕರು 11,700 ಅಡಿಗಳಲ್ಲೇ ಇದರ ರುಚಿ ಕಂಡಿರಬಹುದು. ರಾಣಿಯೆಂದು ಆ ಗಾಳಿ ರಿಯಾಯಿತಿ ತೋರಿಸದು.

ಹೋಟೆಲಿನವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಂಥ ಜಾಗದಲ್ಲಿ ವಸತಿಗೃಹ ನಡೆಸುವುದೆಂದರೇನು? ಬಾವಿಯಿಲ್ಲ, ನಲ್ಲಿಯಿಲ್ಲ. ಸುತ್ತಲೂ ನೀರೇ ಗಡ್ಡೆಕಟ್ಟಿ ಬಿದ್ದಿದೆ, ಕುಡಿಯಲು ಒಂದು ಲೋಟವೂ ಇಲ್ಲ. ಹಿಮವನ್ನು ಬಾಚಿ ತಂದು ಕರಗಿಸಬೇಕು. ಕರಗಿಸುವ ಉರುವಲನ್ನೂ ಕೆಳಗಿನಿಂದಲೇ ಹೊರಬೇಕು. ನೀರು ಕುದಿಯುವುದೂ ನೂರು ಡಿಗ್ರಿಯಲ್ಲಲ್ಲ, ಸುಮಾರು 85ರಲ್ಲಿ. ಗುಳುಗುಳು ಎನ್ನುವ ಸದ್ದು ಕೇಳಿ ಬೇಳೆ ಬೆಂದಿತೆಂದು ಇಳಿಸಿದರೆ ಕಲ್ಲೇ ಸಿಕ್ಕೀತು. ನಮ್ಮ ಭಟ್ಟರ ಸಾಂಬಾರು ಅಲ್ಲಿ ಇಡೀ ದಿನ ಒಲೆಯ ಮೇಲಿರಬೇಕು. ಎಂಜಲು ಕಸವನ್ನೂ ಮತ್ತೆ ಕೆಳಗಿಳಿಸಬೇಕು. ಬಂದವನನ್ನು ಜಾಗವಿಲ್ಲವೆಂದು ಹೊರಗೆ ಕಳುಹಿಸುವಂತೆಯೂ ಇಲ್ಲ. ಹೊರಗೆ ಕಳುಹಿಸಿದರೆ ಅವನು ಬೆಳಗಿನವರೆಗೆ ಉಳಿಯಲಾರ.

ಬಿಡಾರದಿಂದ ವಿಜ್ಞಾನಕ್ಕೂ ಉಪಕಾರವಾಯಿತು. ತೂರಿನ್‌ನ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 1894ರಲ್ಲಿ ಸೈನಿಕರನ್ನು ಅಲ್ಲಿಗೆ ಕರೆದೊಯ್ದು ಅವರ ನಾಡಿ, ಉಸಿರು, ನಿದ್ರೆಗಳನ್ನು ಅಳೆದನು. ಪರ್ವತವ್ಯಾಧಿಗೆ ಅವನು ಹೇಳಿದ ಕಾರಣ ಮುಂದೆ ನಿಲ್ಲಲಿಲ್ಲ. ಆಮ್ಲಜನಕದ ಕೊರತೆಯೇ ಮೂಲವೆಂಬುದು ಖಚಿತವಾಯಿತು. ಆದರೆ ಅವನು ತೆರೆದ ದಾರಿ ಮುಚ್ಚಲಿಲ್ಲ. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಎಂಬ ಔಷಧವು ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವುದನ್ನು ತಡೆಯಬಲ್ಲದೆಂದು 1991ರಲ್ಲಿ ಪ್ರಕಟವಾದ ಪರೀಕ್ಷೆ ನಡೆದುದೂ ಇದೇ ಬಿಡಾರದಲ್ಲಿ.

1894ರಲ್ಲಿಯೇ ಬ್ಯಾರನ್ ಬೆಕ್-ಪೆಕೊಝ್ ರಾಣಿಯೊಡನೆ ಮಾಂಟೆ ರೋಜಾ ಏರುತ್ತಿದ್ದಾಗ ಪ್ರಾಣಬಿಟ್ಟನು. ಆದರೂ ಆಕೆ ಆ ಕಣಿವೆಯ ಸಂಬಂಧವನ್ನು ಕಡಿದುಕೊಳ್ಳಲಿಲ್ಲ.

ಬೆಟ್ಟದ ಮೇಲಿನ ಮಾರ್ಗರೀಟಾಳನ್ನು ಮೆಚ್ಚುವುದು ಸುಲಭ. ಬಯಲಿನ ಮಾರ್ಗರೀಟಾಳನ್ನು ಮೆಚ್ಚುವುದು ಕಷ್ಟ. ಆಕೆ ಬಿಗಿ ಆಡಳಿತದ ಪಕ್ಷಪಾತಿ. 1898ರಲ್ಲಿ ಬ್ರೆಡ್ಡಿನ ದರ ಏರಿ ಮಿಲಾನಿನ ಕೂಲಿಕಾರರು ಬೀದಿಗಿಳಿದಾಗ ಜನರಲ್ ಬಾವಾ ಬೆಕ್ಕಾರಿಸ್ ಅವರ ಮೇಲೆ ಫಿರಂಗಿ ಹಾರಿಸಿದನು. ಸರಕಾರಿ ಲೆಕ್ಕದಂತೆಯೇ ಸತ್ತವರು ಸುಮಾರು 80. ಇನ್ನೂ ಬಹಳ ಹೆಚ್ಚೆಂದು ಇತರರ ಲೆಕ್ಕ. ರೊಟ್ಟಿ ಕೇಳಿದವರಿಗೆ ಗುಂಡು ಕೊಟ್ಟವನಿಗೆ ರಾಜನು ಪದಕ ಕೊಟ್ಟನು. ಈ ಸುದ್ದಿ ಸಮುದ್ರದಾಚೆಗೂ ಮುಟ್ಟಿತು. ಅಮೆರಿಕೆಗೆ ಕೂಲಿಗೆ ಹೋಗಿ ಪ್ಯಾಟರ್ಸನ್ ಊರಿನಲ್ಲಿ ರೇಷ್ಮೆ ನೇಯುತ್ತಿದ್ದ ಗಯೆತಾನೊ ಬ್ರೆಶಿ ಎಂಬವನು ಸೇಡು ತೀರಿಸಲೆಂದೇ ಹಡಗೇರಿ ಬಂದು, 1900ನೆಯ ಜುಲೈ 29ರ ರಾತ್ರಿ ಮೊಂಜಾದಲ್ಲಿ ಉಂಬೆರ್ತೋವನ್ನು ಗುಂಡಿಟ್ಟು ಕೊಂದನು.

ವಿಧವೆಯಾದ ರಾಣಿ ಮತ್ತೆ ಗ್ರೆಸ್ಸೊನೆಯನ್ನೇ ಆಶ್ರಯಿಸಿದಳು. ಅಲ್ಲಿ 1899ರಲ್ಲಿ ರಾಜನೇ ಅಡಿಗಲ್ಲಿಟ್ಟಿದ್ದ ಸವಾಯ್ ಕೋಟೆಮನೆ 1904ರಲ್ಲಿ ಮುಗಿಯಿತು. ಅದರ ಅಡಿಗೆಮನೆ ಮಾತ್ರ ಬೇರೆ ಕಟ್ಟಡದಲ್ಲಿ! ಹೊಗೆ, ವಾಸನೆಗಳು ಒಳಗೆ ಬಾರದಿರಲೆಂದೋ ಏನೋ, ನೆಲದಡಿಯ ಸುರಂಗದಲ್ಲಿ ಹಳಿ ಹಾಕಿ ಪುಟ್ಟ ಗಾಡಿಯಲ್ಲಿ ಊಟವನ್ನು ತಳ್ಳಿ ತರುತ್ತಿದ್ದರು. ಸಪ್ಲೈಯರನಿಗೆ ರೈಲು ಮಾರ್ಗ ಹಾಕಿಸಿಕೊಟ್ಟ ಮಾಲೀಕರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮೊದಲ ಮಹಾಯುದ್ಧದಲ್ಲಿ ಆಕೆ ರೋಮ್ ನಗರದ ತನ್ನ ಮನೆಯನ್ನು ಆಸ್ಪತ್ರೆ ಮಾಡಿಸಿದಳು, ಗಾಯಾಳುಗಳಿಗೆ ನೆರವಾದಳು. ಕೊನೆಗಾಲದಲ್ಲಿ ಮುಸೊಲಿನಿಯ ಪಕ್ಷದತ್ತ ಒಲಿದಳೆಂಬುದೂ ಸತ್ಯವೇ. 1926ನೆಯ ಜನವರಿ 4ರಂದು ಬೋರ್ದಿಗೆರಾದಲ್ಲಿ ಕಾಲವಾದಳು. ಸಮಾಧಿ ರೋಮ್‌ನ ಪ್ಯಾಂಥಿಯನ್‌ನಲ್ಲಿ. ಆಕೆಯ ವಂಶದ ಅರಸೊತ್ತಿಗೆಯನ್ನು ಇಟಲಿಯ ಜನರು 1946ರಲ್ಲಿ ಮತ ಹಾಕಿ ಕೊನೆಗಾಣಿಸಿದರು.

ಶಿಖರದ ಹಳೆಯ ಮರದ ಬಿಡಾರ ಶಿಥಿಲವಾಗಿ, 1980ರಲ್ಲಿ ಅದೇ ತುದಿಯಲ್ಲಿ ಹೊಸದು ಎದ್ದಿತು. ಸಿಡಿಲು ಒಳಗೆ ನುಗ್ಗದಂತೆ ಹೊರಮೈಗೆಲ್ಲ ತಾಮ್ರದ ತಗಡು ಹೊದಿಸಿದ್ದಾರೆ. ಸಾಮಾನು ಈಗ ಹೆಲಿಕಾಪ್ಟರಿನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ಬಾಗಿಲು ತೆರೆದಿರುತ್ತದೆ. ಒಂದರ ಮೇಲೊಂದು ಮಂಚಗಳಲ್ಲಿ ಬ್ಯಾಂಕಿನ ಗುಮಾಸ್ತನೂ ವೈದ್ಯನೂ ವಿದ್ಯಾರ್ಥಿಯೂ ಒತ್ತಾಗಿ ಮಲಗಿ, ತಲೆನೋವಿನಿಂದ ಹೊರಳಾಡಿ, ಬೆಳಕು ಹರಿಯುವ ಮೊದಲೇ ಎದ್ದು ಬೂಟು ಕಟ್ಟುತ್ತಾರೆ. ಅಷ್ಟು ಹೊತ್ತಿಗೆ ಒಲೆಯ ಮುಂದೆ ಯಾರೋ ಒಬ್ಬ ಎದ್ದು ನೀರು ಕಾಯಿಸಿಟ್ಟಿರುತ್ತಾನೆ.